ಹಾಕಿಸಿದ್ದು ಮೂವತ್ಮೂರು, ತೋರಿಸಿದ್ದು ನಲವತ್ತು

ಬೆಂಗಳೂರಿನ ಓದುಗರೊಬ್ಬರಿಗೆ ಕಾರು ಓಡಿಸುವ ಹುಚ್ಚು. ವಾರವೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮೊದಲ ಗೇರು ಬಿಟ್ಟು ಮೇಲೇಳದ ತಮ್ಮ ಪುಟ್ಟ ಹ್ಯಾಚ್‌ಬ್ಯಾಕನ್ನು ಈಚೆಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಒಯ್ದಿದ್ದರಂತೆ. ಹವ್ಯಾಸಿಗಳು ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ, ಮನಸೋ ಇಚ್ಛೆ ಓಡಿಸುವ ‘ಟ್ರ್ಯಾಕ್ ಡೇ’ ಅದು. ಹಿಂದಿನ ರಾತ್ರಿಯೇ ಹೋಗಿ ತಂಗಿ, ಬೆಳಗ್ಗೆ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಾಲ್ಕೂ ಟೈರಿಗೆ ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸಿದರು. ಒಂದೊಂದಕ್ಕೂ ಒತ್ತಡ 33 ಪಿಎಸ್‌ಐ. ಐದಾರು ಸುತ್ತು ಕಳೆಯುವಷ್ಟರಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ತಿರುವಿನ ಹೊರಗಡೆಗೇ ಜಾರತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಗೇಜ್ ಹಚ್ಚಿ ನೋಡಿದರೆ ಮುಂದಿನ ಟೈರುಗಳಲ್ಲಿ 40. ‘ನೈಟ್ರೋಜನ್ ಬಿಸಿಗೆ ಹಿಗ್ಗುವುದಿಲ್ಲ ಅಂತಾರಲ್ಲ? ಹಾಗಾದರೆ ಬಂಕಿನವರು ಮಾಮೂಲಿ ಗಾಳಿ ತುಂಬಿ ಟೋಪಿ ಹಾಕಿದರೇ? ಮುಂದಿನ ಸಲ ಯಾವ ಟೈರು ಕೊಳ್ಳಲಿ?’ ಎಂದು ಕೇಳಿದ್ದಾರೆ.

ಎರಡನೆಯ ಪ್ರಶ್ನೆ ನಿಧಾನವಾಗಿ ನೋಡೋಣ. ಮೊದಲನೆಯದು ನನಗೆ ಬಹಳ ಪ್ರಿಯವಾದ ಪ್ರಶ್ನೆ.

ಬಂಕಿನವರು ಮೋಸ ಮಾಡಿದರು ಎನ್ನಲು ಆ 40 ಸಾಕ್ಷಿಯಲ್ಲ. ಮೋಸವಿರುವುದು ‘ನೈಟ್ರೋಜನ್ ಹಿಗ್ಗುವುದಿಲ್ಲ’ ಎಂಬ ಮಾತಿನಲ್ಲಿ. ನೈಟ್ರೋಜನ್ ತುಂಬಿದ ಗುರುತಿಗೆ ಹಸಿರು ಕ್ಯಾಪ್ ಹಾಕಿದ ಟೈರಿನ ವಾಲ್ವ್ ಕಂಡರೆ ಸಾಕು, ಒಳಗೆ ಏನೋ ಶಾಂತಸ್ವಭಾವದ ದಿವ್ಯಾನಿಲ ಕೂತಿದೆ ಎಂದು ನಂಬುವ ಇಂಜಿನಿಯರುಗಳನ್ನೇ ನಾನು ನೋಡಿದ್ದೇನೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಉಳಿದದ್ದರಲ್ಲಿ ಬಹುಪಾಲು ಆಮ್ಲಜನಕ. ಒಂದು ಗಟ್ಟಿ ಡಬ್ಬಿಯೊಳಗೆ ಬಿಸಿಯಾದಾಗ ಈ ಎರಡರ ಒತ್ತಡವೂ ಒಂದೇ ಲೆಕ್ಕದಲ್ಲಿ ಏರುತ್ತದೆ. ಪಿಯುಸಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಅನಿಲ ನಿಯಮಕ್ಕೆ ಯಾವ ಅನಿಲದ ಹೆಸರೂ ಬೇಕಿಲ್ಲ.

ಲೆಕ್ಕ ಮಾಡಿಯೇ ನೋಡೋಣ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ. ಅಂದರೆ ಬೆಳಗ್ಗೆ ಟೈರಿನೊಳಗೆ ನಿಜವಾಗಿ ಇದ್ದದ್ದು 47.7, ಜಾರತೊಡಗಿದಾಗ ಇದ್ದದ್ದು 54.7. ಸುಮಾರು ಶೇ. 15ರ ಏರಿಕೆ. ಬೆಳಗಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ ನಿರಪೇಕ್ಷ ಮಾನದಲ್ಲಿ ಅದು 303. ಅದಕ್ಕೂ ಶೇ. 15 ಸೇರಿಸಿದರೆ ಸುಮಾರು 348, ನಮ್ಮ ಮಾನಕ್ಕೆ ತಂದರೆ 75 ಡಿಗ್ರಿ. ಕಸುವಿನಿಂದ ಓಡಿಸಿದ ಕಾರಿನ ಮುಂದಿನ ಟೈರಿನೊಳಗೆ ಇರಬೇಕಾದದ್ದೇ ಅಷ್ಟು ಬಿಸಿ. ಏಳು ಪಿಎಸ್‌ಐ ಏರಿದ್ದಕ್ಕೆ ಬಿಸಿಯೊಂದೇ ಸಾಕು, ಬೇರೆ ಕಾರಣ ಹುಡುಕಬೇಕಿಲ್ಲ. ಅಗ್ಗದ ಗೇಜೊಂದು ಹೀಗೆ ಥರ್ಮಾಮೀಟರಿನ ಕೆಲಸವನ್ನೂ ಮಾಡಿಬಿಟ್ಟಿತು ನೋಡಿ!

ಹಾಗಾದರೆ ರೇಸಿನವರೂ ವಿಮಾನದವರೂ ನೈಟ್ರೋಜನ್ನನ್ನೇ ಯಾಕೆ ತುಂಬುತ್ತಾರೆ? ಅದು ಒಣಗಿರುತ್ತದೆ ಎಂದು. ಈ ಒಣತನದ ಮಹಿಮೆ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹಿಂಡಿದಾಗ ಅದರ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ಕೂರುತ್ತದೆ. ದಿನವೂ ಕೆಳಗಿನ ನಲ್ಲಿ ತಿರುಗಿಸಿ ಅದನ್ನು ಹೊರಬಿಡಬೇಕು. ಎಷ್ಟು ಜನ ಬಿಡುತ್ತಾರೆ? ಬಿಡದಿದ್ದರೆ ಗಾಳಿಯ ಜತೆ ನೀರೂ ಟೈರಿನೊಳಗೆ ಹೋಗುತ್ತದೆ. 30 ಡಿಗ್ರಿಯಲ್ಲಿ ಆ ನೀರಿನ ಆವಿಯ ಒತ್ತಡ ಬರೀ 0.6 ಪಿಎಸ್‌ಐ. 75 ಡಿಗ್ರಿಯಲ್ಲಿ ಅದೇ 5.6! ಸಣ್ಣ ಕಾರಿನ ಟೈರನ್ನು ಈ ಮಟ್ಟಕ್ಕೆ ತರಲು ಏಳು ಗ್ರಾಮಿನಷ್ಟು ನೀರು ಸಾಕು, ಒಂದೂವರೆ ಟೀ ಚಮಚ. ಅಂದರೆ ಒಳಗೆ ನೀರಿದ್ದಿದ್ದರೆ ನಮ್ಮ ಓದುಗರ ಗೇಜು 45ರ ಹತ್ತಿರ ಹೋಗುತ್ತಿತ್ತು. 40ಕ್ಕೇ ನಿಂತದ್ದರಿಂದ ಬಂಕಿನವರು ಒಣ ಅನಿಲವನ್ನೇ ಕೊಟ್ಟಿದ್ದಾರೆ ಎಂದು ಊಹಿಸಬಹುದು. ನೀರು ಚೆನ್ನಾಗಿ ಬಸಿದ ಕಂಪ್ರೆಸರಿನ ಪುಕ್ಕಟೆ ಗಾಳಿ ಹಾಕಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತಿತ್ತು ಎಂಬುದು ಬೇರೆ ಮಾತು.

ವಿಮಾನದವರಿಗೆ ಇನ್ನೊಂದು ಭಯವೂ ಇದೆ. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಬೋಯಿಂಗ್ 727 ವಿಮಾನವೊಂದು ಮೇಲೇರಿದ ಸ್ವಲ್ಪ ಹೊತ್ತಿಗೆ ಕಾದ ಬ್ರೇಕಿನಿಂದಾಗಿ ಅದರ ಟೈರು ಸಿಡಿದು, ವಿಮಾನದಲ್ಲಿದ್ದ 167 ಜನರೂ ಸತ್ತರು. ಆ ಟೈರಿನಲ್ಲಿ ನೈಟ್ರೋಜನ್ ಬದಲು ಗಾಳಿ ಇತ್ತು. ಸುಡುವ ರಬ್ಬರಿನ ಪಕ್ಕದಲ್ಲಿ ಒತ್ತಿ ತುಂಬಿದ ಆಮ್ಲಜನಕ ಇರುವುದು ಅಷ್ಟು ಅಪಾಯದ್ದು. ನಮ್ಮ ಹ್ಯಾಚ್‌ಬ್ಯಾಕುಗಳು ಆ ಬಿಸಿಯ ಹತ್ತಿರವೂ ಸುಳಿಯುವುದಿಲ್ಲ.

ಬೆಂಗಳೂರಿನವರಿಗೆಂದೇ ಇರುವ ಇನ್ನೊಂದು ತಮಾಷೆ ಇದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಇಲ್ಲಿ ಹೊರಗಿನ ಒತ್ತಡ 13.2ರ ಆಸುಪಾಸು. ಇಲ್ಲಿ 33 ಹಾಕಿಸಿಕೊಂಡು ಘಟ್ಟ ಇಳಿದು ಚೆನ್ನೈ ಬಯಲು ಸೇರಿದರೆ, ಒಂದು ಹನಿ ಗಾಳಿ ಸೋರದಿದ್ದರೂ, ಉಷ್ಣತೆ ಬದಲಾಗದಿದ್ದರೂ, ಗೇಜ್ ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಅಲ್ಲಿನ ಸೆಕೆ ಅದನ್ನು ಮತ್ತೆ ಮೇಲಕ್ಕೆತ್ತುತ್ತದೆ. ಇಲ್ಲಿನ 20 ಡಿಗ್ರಿಯ ಮುಂಜಾವಿನಲ್ಲಿ ಹಾಕಿಸಿದ 33, ಅಲ್ಲಿನ 35 ಡಿಗ್ರಿಯ ಮಧ್ಯಾಹ್ನದಲ್ಲಿ ನೆರಳಲ್ಲಿ ನಿಂತ ಕಾರಿನಲ್ಲೇ 34ರ ಹತ್ತಿರ ಇರುತ್ತದೆ. ಮನೆ ಪಕ್ಕದ ಬಂಕಿನಲ್ಲಿ ಗಾಳಿ ಚೆಕ್ ಮಾಡಿಸಿ ನಿಶ್ಚಿಂತೆಯಿಂದ ಹೊರಡುವವರು ಇದನ್ನು ಗಮನಿಸಬೇಕು. ಟ್ರ್ಯಾಕಿನಲ್ಲಿ, ನಿಮ್ಮದೇ ಗೇಜಿನಲ್ಲಿ, ಸುತ್ತು ಮುಗಿಸಿ ಬಂದ ತಕ್ಷಣ ಅಳೆದ ಬಿಸಿ ಒತ್ತಡವೊಂದೇ ನಂಬಲು ಯೋಗ್ಯ.

ಈಗ, 40 ಆದರೆ ಜಾರುವುದು ಯಾಕೆ? ಟೈರು ನೆಲಕ್ಕೆ ತಾಗುವ ಜಾಗ ಎಷ್ಟು ಎಂದು ಒರಟಾಗಿ ತಿಳಿಯಬೇಕಾದರೆ ಅದರ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರಾಯಿತು. ಮುಂದಿನ ಒಂದು ಚಕ್ರದ ಮೇಲೆ 320 ಕಿಲೋ ಇದ್ದರೆ, 33 ಪಿಎಸ್‌ಐನಲ್ಲಿ ಸುಮಾರು 140 ಚದರ ಸೆಂಟಿಮೀಟರು. 40ರಲ್ಲಿ 115ಕ್ಕೂ ಕಡಿಮೆ. ಶಾಲೆಯಲ್ಲಿ ಕಲಿತ ಘರ್ಷಣೆಯ ನಿಯಮದ ಪ್ರಕಾರ ತಾಗುವ ಜಾಗ ಕಡಿಮೆಯಾದರೂ ಹಿಡಿತ ಬದಲಾಗಬಾರದು. ಆದರೆ ಮರದ ದಿಮ್ಮಿಗೆ ಹೊಂದುವ ಆ ನಿಯಮ ರಬ್ಬರಿಗೆ ಹೊಂದುವುದಿಲ್ಲ. ಚದರ ಸೆಂಟಿಮೀಟರಿನ ಮೇಲೆ ಹೇರಿದಷ್ಟೂ ರಬ್ಬರು ಕಿಲೋವಾರು ಕೊಡುವ ಹಿಡಿತ ಇಳಿಯುತ್ತ ಹೋಗುತ್ತದೆ. ಮುಂದಿನ ಚಕ್ರವೇ ಎಳೆಯುವ ಕಾರಿನಲ್ಲಂತೂ ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಹೊರೆ ಎಲ್ಲ ಆ ಎರಡು ಟೈರುಗಳ ಪಾಲಿಗೇ. ಹಾಗಾಗಿ ಸೋಲುವುದೂ ಅವೇ ಮೊದಲು.

ಟ್ರ್ಯಾಕಿನ ಪ್ಯಾಡಕ್‌ನಲ್ಲಿ, ಅಂದರೆ ಕಾರುಗಳು ಸರದಿ ಕಾಯುತ್ತ ನಿಲ್ಲುವ ಜಾಗದಲ್ಲಿ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ‘ಪಚಕ್’ ಅನ್ನಿಸಿ ಹೊರಟವರನ್ನು ನೋಡಿದ್ದೇನೆ. ನಿಂಬೆರಸದಿಂದ ರಬ್ಬರಿಗೆ ಕೇಡಿಲ್ಲ, ಆಯುಧಪೂಜೆಯ ದಿನ ನಮ್ಮ ಮನೆಯ ಸ್ಕೂಟರಿಗೂ ಅದು ಸಲ್ಲುತ್ತದೆ. ಆದರೆ ಆ ಮಹಾಶಯರ ಬಳಿ ಗಾಳಿ ಅಳೆಯುವ ಗೇಜ್ ಇರಲಿಲ್ಲ! ಪಕ್ಕದವರಿಂದ ಕಡ ಕೇಳುವ ವ್ಯವಧಾನವೂ ಇರಲಿಲ್ಲ. ದೃಷ್ಟಿ ತೆಗೆಯಲು ಇಷ್ಟು ಶ್ರದ್ಧೆ ಇರುವವರು ಗಾಳಿ ತೆಗೆಯಲು ಯಾಕೆ ಇಷ್ಟು ಉದಾಸೀನರಾಗಬೇಕೋ ತಿಳಿಯದು.

ಬಿಸಿ ಅಂದರೆ ಶತ್ರು ಎಂದೂ ತಿಳಿಯಬೇಡಿ. ರಬ್ಬರಿಗೆ ಬಿಸಿ ಬೇಕೇ ಬೇಕು. ನಾದಿದ ಚಪಾತಿ ಹಿಟ್ಟಿಗೆ ಬೆರಳು ಒತ್ತಿ ತೆಗೆದರೆ ಗುಳಿ ಮೆಲ್ಲಗೆ ತುಂಬಿಕೊಳ್ಳುತ್ತದಲ್ಲ, ಡಾಂಬರಿನ ಕಲ್ಲುಹರಳುಗಳ ಮೇಲೆ ರಬ್ಬರು ಮಾಡುವುದೂ ಅದನ್ನೇ. ಹರಳಿನ ಮುಂಬದಿಯನ್ನು ಒತ್ತಿ ಹಬ್ಬುತ್ತದೆ, ಹಿಂಬದಿಗೆ ಬರುವಾಗ ಮೂಲ ರೂಪಕ್ಕೆ ಮರಳಲು ತಡಮಾಡುತ್ತದೆ. ಈ ತಡದಲ್ಲಿ ಕಳೆದುಹೋಗುವ ಶಕ್ತಿಯೇ ಹಿಡಿತದ ಒಂದು ದೊಡ್ಡ ಪಾಲು. ಟೈರು ನೆಲದ ಮೇಲೆ ಸೆಕೆಂಡಿಗೆ ಒಂದು ಮೀಟರಿನಷ್ಟು ಜಾರುತ್ತ, ಮಿಲಿಮೀಟರಿನ ಹತ್ತನೇ ಒಂದರಷ್ಟು ಚಿಕ್ಕ ಹರಳುಗಳನ್ನು ದಾಟಿದರೆ, ರಬ್ಬರಿಗೆ ಸೆಕೆಂಡಿಗೆ ಹತ್ತು ಸಾವಿರ ಗುದ್ದು ಬೀಳುತ್ತವೆ. ಅಷ್ಟು ಬೇಗ ಗುದ್ದಿದರೆ ಮೆತ್ತನೆಯ ರಬ್ಬರೂ ತಣ್ಣಗಿನ ರಬ್ಬರಿನಂತೆಯೇ ಬಿಗಿದುಕೊಳ್ಳುತ್ತದೆ. ವೇಗ ಮತ್ತು ಚಳಿ ಎರಡೂ ರಬ್ಬರಿಗೆ ಒಂದೇ ಎಂಬುದು ಪಾಲಿಮರ್ ವಿಜ್ಞಾನದ ಅತಿ ಸುಂದರ ಸಂಗತಿಗಳಲ್ಲಿ ಒಂದು. ಚಳಿಯಲ್ಲಿ ರಬ್ಬರು ಎಷ್ಟು ಜಡವಾಗುತ್ತದೆಂದು 1986ರಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಜಗತ್ತಿಗೇ ತೋರಿಸಿದ್ದರು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ತನಿಖೆಯಲ್ಲಿ, ಅದರ ರಬ್ಬರ್ ಉಂಗುರದ ತುಣುಕೊಂದನ್ನು ಕ್ಲಾಂಪಿನಲ್ಲಿ ಬಿಗಿದು ಐಸ್‌ನೀರಿಗೆ ಹಾಕಿ ತೆಗೆದರು, ಬಿಚ್ಚಿದರೂ ಅದು ತಟ್ಟನೆ ಪುಟಿಯಲಿಲ್ಲ. ಟೈರಿನ ಬಿಗಿತವನ್ನು ಬಿಡಿಸುವುದು ಬಿಸಿ. ಅದಕ್ಕೇ ಟ್ರ್ಯಾಕಿಗೆಂದು ಮಾಡಿದ ಟೈರುಗಳಲ್ಲಿ ಬಹುತೇಕವು 80ರಿಂದ 100 ಡಿಗ್ರಿಯ ನಡುವೆ ಖುಷಿಯಾಗಿರುತ್ತವೆ. ಮೊದಲ ಸುತ್ತಿನಲ್ಲೇ ವೀರಾವೇಶ ತೋರಿಸಿದವರು ಮರಳುಗುಂಡಿ ಸೇರುವುದೂ ಇದೇ ಕಾರಣಕ್ಕೆ. ಮಿತಿ ಮೀರಿ ಕಾದರೆ ಮೇಲ್ಮೈ ಜಿಡ್ಡಾಗಿ ಮತ್ತೆ ಜಾರುತ್ತದೆ.

ಇನ್ನು ಯಾವ ಟೈರು. ಈಗ ಇರುವ ಟೈರನ್ನೇ ಸರಿಯಾಗಿ ಬಳಸಲು ಮೊದಲು ಕಲಿಯಿರಿ ಎನ್ನುತ್ತೇನೆ. ಹಿಡಿತ ಬಿಡುವ ಮುನ್ನ ಕಿರುಚಿ ಎಚ್ಚರಿಸುವ ಸಾಧಾರಣ ಟೈರಿಗಿಂತ ಒಳ್ಳೆಯ ಗುರು ಹೊಸಬರಿಗೆ ಇಲ್ಲ. ಬಹಳ ಹಿಡಿಯುವ ಟೈರು ಚಾಲಕನ ತಪ್ಪನ್ನೆಲ್ಲ ಮುಚ್ಚಿಟ್ಟುಕೊಂಡು, ಬಿಟ್ಟಾಗ ಒಮ್ಮೆಲೇ ಬಿಡುತ್ತದೆ. ಟೈರಿನ ಅಂಚಿನಿಂದ ಪಕ್ಕದ ಗೋಡೆಯ ತನಕ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ಅಂಚು ದಾಟಿ ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆ, ಅಂಚಿನವರೆಗೂ ಅಳಿಸದಿದ್ದರೆ ಹೆಚ್ಚು. ಹೊರ ಅಂಚು ಮಾತ್ರ ಕಾದು ಸವೆಯುತ್ತಿದ್ದರೆ ತಪ್ಪು ಗಾಳಿಯದೇ ಇರಬೇಕೆಂದಿಲ್ಲ, ಚಕ್ರದ ವಾಲು, ಅಂದರೆ ಕ್ಯಾಂಬರ್, ಸಾಲದು ಎಂದರ್ಥ.

ಮುಂದಿನ ಮೆಟ್ಟಿಲು ಹತ್ತಿದವರು ‘200 ಟ್ರೆಡ್‌ವೇರ್’ ಟೈರು ಎಂದು ಜಪ ಮಾಡುತ್ತಾರೆ. ಅದು ಅಮೆರಿಕದ ಅಳತೆ. ಟೆಕ್ಸಸ್‌ನ ಸ್ಯಾನ್ ಆಂಜೆಲೋ ಸುತ್ತಮುತ್ತಲ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಅಂಕದ ಮಾದರಿ ಟೈರಿನೊಂದಿಗೆ ಸವೆತವನ್ನು ಹೋಲಿಸುತ್ತಾರೆ. ಅಂಕ ಕಡಿಮೆಯಾದಷ್ಟೂ ಬೇಗ ಸವೆಯುತ್ತದೆ, ಸಾಮಾನ್ಯವಾಗಿ ಹೆಚ್ಚು ಹಿಡಿಯುತ್ತದೆ. ಖರ್ಚು ಮಿತಿಮೀರದಿರಲೆಂದು ಅಲ್ಲಿನ ಹವ್ಯಾಸಿ ಸ್ಪರ್ಧೆಗಳ ಹಲವು ವರ್ಗಗಳು 200ಕ್ಕಿಂತ ಕೆಳಗಿನದು ಬೇಡ ಎಂದವು. ಅಂಕ ಬರೆಯುವವರು ತಯಾರಕರೇ! ಯೊಕೊಹಾಮಾ ಎ052, ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್‌ನಂಥ ಟೈರುಗಳು ಸರಿಯಾಗಿ 200ರ ಗೆರೆಯ ಮೇಲೆ ಬಂದು ನಿಂತವು. ಒಂದೇ ಅಂಕದ ಎರಡು ಟೈರುಗಳ ನಡುವೆ ಅಜಗಜಾಂತರ ಇರುತ್ತದೆ. ಹಾಗಾಗಿ ಆ ಅಂಕವನ್ನು ನಾನು ಜಾತಕಕ್ಕಿಂತ ಹೆಚ್ಚು ನಂಬುವುದಿಲ್ಲ.

ನಮ್ಮಲ್ಲಿ 2020ರ ಜೂನ್‌ನಲ್ಲಿ ಸರ್ಕಾರ ಟೈರು ಆಮದಿಗೆ ನಿರ್ಬಂಧ ಹಾಕಿದ ಮೇಲೆ ಇಂಥವು ಸಿಗುವುದೇ ಕಷ್ಟವಾಯಿತು. ‘ಒಂದು ಸೆಟ್ ಉಳಿದಿದೆ ಸಾರ್’ ಎಂದು ಯಾರಾದರೂ ಕರೆದರೆ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಗಂಧಕದ ಬೆಸುಗೆ ರಬ್ಬರಿನಲ್ಲಿ ಅಷ್ಟಕ್ಕೇ ನಿಂತುಬಿಡುವುದಿಲ್ಲ. ಪ್ರತಿಸಲ ಕಾದು ತಣಿದಾಗಲೂ, ಸುಮ್ಮನೆ ಗೋದಾಮಿನಲ್ಲಿ ಕೂತಾಗಲೂ ರಬ್ಬರು ಇಷ್ಟಿಷ್ಟೇ ಗಟ್ಟಿಯಾಗುತ್ತದೆ. ಗ್ರಿಪ್ ಎಂದು ನಾವು ಕರೆಯುವ ತೋಡುಗಳು ಹೊಸದರಂತೆ ಆಳವಾಗಿದ್ದರೂ ಹಿಡಿತ ಹೋಗಿರಬಹುದು. ಅಸಲಿಗೆ ಒಣ ಟ್ರ್ಯಾಕಿನಲ್ಲಿ ಆ ತೋಡುಗಳ ಉಪಯೋಗವೇ ಇಲ್ಲ, ಅವು ಇರುವುದು ಮಳೆನೀರು ಹೊರದೂಡಲು. ಅವುಗಳ ನಡುವಿನ ಎತ್ತರದ ರಬ್ಬರ್ ತುಂಡುಗಳು ತಿರುವಿನಲ್ಲಿ ಬಾಗಿ ನುಲಿದು ಬೇಗ ಕಾಯುತ್ತವೆ, ಕೆಲವೊಮ್ಮೆ ಚೂರುಚೂರಾಗಿ ಕಿತ್ತು ಬರುತ್ತವೆ. ಅದಕ್ಕೇ ಅಮೆರಿಕದಲ್ಲಿ ಕೆಲವರು ಹೊಸ ಟೈರನ್ನು ಯಂತ್ರಕ್ಕೆ ಕೊಟ್ಟು ಹೆರೆಸಿಯೇ ಟ್ರ್ಯಾಕಿಗೆ ಇಳಿಸುತ್ತಾರೆ. ಅರ್ಧ ಸವೆದ ಟೈರು ಒಣನೆಲದಲ್ಲಿ ಹೊಸದನ್ನು ಸೋಲಿಸುತ್ತದೆ, ಒಂದು ಮಳೆ ಬಂದರೆ ಲೆಕ್ಕ ತಲೆಕೆಳಗು.

ಓದುಗರು ಕೇಳದೇ ಬಿಟ್ಟ ಒಂದು ಸಂಗತಿ ಇದೆ, ಅದು ಎಲ್ಲಕ್ಕಿಂತ ಜರೂರು. ಟ್ರ್ಯಾಕಿನಲ್ಲಿ ಬಿಸಿ ಟೈರಿನಿಂದ ಗಾಳಿ ಬಿಟ್ಟು 40ನ್ನು 34ಕ್ಕೆ ಇಳಿಸಿಕೊಂಡಿರಿ ಎನ್ನೋಣ. ಸಂಜೆ ಟೈರು 30 ಡಿಗ್ರಿಗೆ ತಣಿದಾಗ ಅದೇ ಗಾಳಿ 28ಕ್ಕಿಂತ ಕೆಳಗಿರುತ್ತದೆ. ಹಾಗೇ ನಾಲ್ಕು ಜನ, ಲಗೇಜು ತುಂಬಿಕೊಂಡು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಟೈರಿನ ಪಕ್ಕದ ಗೋಡೆ ಸುತ್ತುಸುತ್ತಿಗೂ ಅತಿಯಾಗಿ ಬಾಗಿ ಒಳಗೊಳಗೇ ಕಾಯುತ್ತದೆ. ಟ್ರ್ಯಾಕಿನಲ್ಲಾದರೆ ಸುತ್ತಲೂ ಖಾಲಿ ಜಾಗ, ಆಂಬುಲೆನ್ಸ್ ಇರುತ್ತವೆ. ವೇಲೂರು ದಾಟಿದ ಮೇಲೆ ಎದುರಿಗೂ ಪಕ್ಕಕ್ಕೂ ಲಾರಿಗಳು. ಆದ್ದರಿಂದ ಕಾರು ತಣಿಯುವ ತನಕ ಕಾಫಿ ಕುಡಿಯುತ್ತ ಕಾದು, ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಪೂರ್ತಿ ಲೋಡಿಗೆ ಎಷ್ಟೆಂದು ಬರೆದಿದೆಯೋ ಅಷ್ಟು ಗಾಳಿ ಹಾಕಿಸಿಕೊಂಡು ಹೊರಡಿ. ಸ್ಟೆಪ್ನಿಯದನ್ನೂ ಒಮ್ಮೆ ನೋಡಿ.