ಅರ್ಧ ಹೆಜ್ಜೆ ಎಡಕ್ಕೆ

ಟ್ಯೂಬ್‌ಲೈಟ್ ಆರಿಸಿದ್ದೇ ತಡ, ಪರದೆಯ ತುಂಬ ಕೆಸರು ನೀರು. ಕಂಬಳದ ಚಿತ್ರ. ಜೋಡಿ ಕೋಣಗಳ ಕತ್ತಿನ ನರ ಉಬ್ಬಿದೆ, ಮೂಗಿನ ಹೊಳ್ಳೆ ಅರಳಿದೆ. ಹಿಂದೆ ಹಲಗೆಯ ಮೇಲೆ ಒಂದು ಕಾಲೂರಿ ನಿಂತ ಓಟಗಾರ. ಅವನ ಕಾಲಡಿಯಿಂದ ಚಿಮ್ಮಿದ ನೀರು ಚೌಕಟ್ಟಿನ ಮೇಲಂಚು ದಾಟಿ ಹೋಗಿದೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಇಪ್ಪತ್ತು ಇಪ್ಪತ್ತೈದು ಮಂದಿಯಲ್ಲಿ ಒಬ್ಬಿಬ್ಬರು ‘ಆಹಾ’ ಅಂದರು. ಚಿತ್ರ ತೆಗೆದ ಹುಡುಗ ಎದ್ದು, “ಸರ್, ಇದಕ್ಕೆ ನಾನು ರಾತ್ರಿಯಿಡೀ ನಿದ್ದೆಗೆಟ್ಟು…” ಎಂದು ಶುರು ಮಾಡಿದ. ಮುಂದಿನ ಸಾಲಿನ ಹಿರಿಯರೊಬ್ಬರು ಕೈಯೆತ್ತಿದರು. “ಅದನ್ನೆಲ್ಲ ಆಮೇಲೆ ಹೇಳುವಿಯಂತೆ. ಈಗ ಕೂತ್ಕೋಪ್ಪ.”

ಬೆಂಗಳೂರಿನ ಈ ಹವ್ಯಾಸಿಗಳ ಕೂಟದಲ್ಲಿ ಅಲಿಖಿತ ಕಾನೂನು ಅದು. ಪರದೆಯ ಮೇಲೆ ಚಿತ್ರ ಇರುವಷ್ಟು ಹೊತ್ತು ತೆಗೆದವರು ಬಾಯಿ ಬಿಡುವಂತಿಲ್ಲ. ನಿದ್ದೆಗೆಟ್ಟದ್ದು, ಮಳೆಯಲ್ಲಿ ನೆನೆದದ್ದು, ಜಿಗಣೆ ಕಚ್ಚಿಸಿಕೊಂಡದ್ದು ಯಾವುದೂ ಚಿತ್ರದೊಳಗೆ ಇರುವುದಿಲ್ಲ. ಅದನ್ನೆಲ್ಲ ಕೇಳಿದ ಮೇಲೆ ನೋಡುವವರಿಗೆ ಚಿತ್ರದ ಬದಲು ತೆಗೆದವರ ಪಾಡು ಕಾಣತೊಡಗುತ್ತದೆ. ಪಾಪ ಅನ್ನಿಸಿದ ಮೇಲೆ ತಪ್ಪು ಹೇಳಲು ಯಾರಿಗೆ ಮನಸ್ಸು ಬರುತ್ತದೆ?

ಹಿರಿಯರು ‘ಹೇಗಿದೆ?’ ಎಂದು ಕೇಳಲೇ ಇಲ್ಲ. “ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯ್ತು?” ಎಂದು ಕೇಳಿದರು. ಹಿಂದಿನ ಸಾಲಿನಿಂದ ಉತ್ತರ ಬಂತು: “ಕಂಬಕ್ಕೆ ಸರ್.” ಕಂಬವೇ? ಹೌದು, ಓಟಗಾರನ ನೆತ್ತಿಯ ಮೇಲೇ ನೆಟ್ಟಂತೆ ಒಂದು ದೀಪದ ಕಂಬ ನಿಂತಿತ್ತು. ತುದಿಯಲ್ಲಿ ಬೆಳ್ಳಗೆ ಉರಿದುಹೋದ ಬೆಳಕಿನ ಮುದ್ದೆ. ಒಬ್ಬರು ಹೇಳಿದ ಮೇಲೆ ಎಲ್ಲರಿಗೂ ಅದೇ ಕಾಣತೊಡಗಿತು. ಹುಡುಗ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. ತೆಗೆಯುವಾಗ ಅವನಿಗೆ ಕಂಬ ಕಂಡಿರಲೇ ಇಲ್ಲ. ಬೇಡದ್ದನ್ನು ಬಿಟ್ಟು ಬೇಕಾದ್ದನ್ನಷ್ಟೇ ನೋಡುವ ಜಾಣತನ ನಮ್ಮ ಕಣ್ಣಿಗಿದೆ, ಕ್ಯಾಮೆರಾಕ್ಕಿಲ್ಲ.

ಆಮೇಲೆ ಮಾತು ಷಟರ್ ವೇಗಕ್ಕೆ ತಿರುಗಿತು. ಸೆಕೆಂಡಿನ 1000ದಲ್ಲಿ ಒಂದು ಭಾಗದಲ್ಲಿ ತೆಗೆದದ್ದರಿಂದ ನೀರಿನ ಒಂದೊಂದು ಹನಿಯೂ ಗಾಜಿನ ಮಣಿಯಾಗಿ ನಿಂತಿತ್ತು. “ಓಟವೇ ಕಾಣ್ತಿಲ್ಲ. 30ರಲ್ಲಿ ಒಂದು ಭಾಗ ಇಟ್ಟು, ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸಿ ಪ್ಯಾನ್ ಮಾಡಬೇಕಿತ್ತು” ಎಂದರು ಒಬ್ಬರು. ಹಿರಿಯರು ಒಪ್ಪಲಿಲ್ಲ. “ಅದು ನೀವು ತೆಗೀತಿದ್ದ ಚಿತ್ರ ಆಯ್ತಲ್ಲ ಸ್ವಾಮಿ. ಇವನು ತೆಗೆದದ್ದರ ಬಗ್ಗೆ ಹೇಳಿ.” ವಿಮರ್ಶೆಗೆ ಕೂತ ಅನುಭವಿಗಳಲ್ಲಿ ಹೆಚ್ಚಿನವರು ಜಾರುವುದು ಇಲ್ಲೇ. ಎದುರಿಗಿರುವ ಚಿತ್ರವನ್ನು ಪಕ್ಕಕ್ಕೆ ಸರಿಸಿ ತಮ್ಮ ಮನಸ್ಸಿನ ಚಿತ್ರವನ್ನು ಅಲ್ಲಿ ತೂಗುಹಾಕುತ್ತಾರೆ. ಕಲಿಯಲು ಬಂದವನು ಹೊರಡುವಾಗ ಅವನ ಕೈಯಲ್ಲಿರುವುದು ಬೇರೆಯವರ ಚಿತ್ರ.

ಆ ಸಂಜೆಯ ನಿಜವಾದ ಪಾಠ ಮಾತ್ರ ಬಂದದ್ದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಮಂಗಳೂರು ಕಡೆಯ ಒಬ್ಬರಿಂದ. ಅವರ ಕೊರಳಲ್ಲಿ ಕ್ಯಾಮೆರಾ ಕೂಡ ಇರಲಿಲ್ಲ. “ಇದು ಕನೆ ಹಲಗೆಯ ಓಟ ಅಲ್ವಾ? ಇದರಲ್ಲಿ ಯಾರು ಮೊದಲು ಬಂದರು ಅಂತ ನೋಡೋದಿಲ್ಲ ಮಾರಾಯ್ರೆ. ನೀರು ಎಷ್ಟು ಎತ್ತರ ಹಾರಿತು ಅನ್ನೋದೇ ಲೆಕ್ಕ. ಮೇಲೆ ನಿಶಾನೆಯ ಬಟ್ಟೆ ಕಟ್ಟಿರ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಅಂತ. ನೀರು ಅದಕ್ಕೆ ಮುಟ್ಟಿತಾ? ನಿಮ್ಮ ಫೋಟೋದಲ್ಲಿ ನಿಶಾನೆಯೇ ಇಲ್ಲವಲ್ಲ!”

ಸಭೆಯಲ್ಲಿ ಒಂದು ಕ್ಷಣ ಮಾತಿಲ್ಲ. ಹುಡುಗ ಕೋಣದ ಮುಖಕ್ಕೆ ಆಸೆಪಟ್ಟು ಝೂಮ್ ಎಳೆದಿದ್ದ. ಆಟದ ಗೆಲುವು ಸೋಲು ಎರಡೂ ಚೌಕಟ್ಟಿನಿಂದ ಆಚೆ ಉಳಿದಿದ್ದವು. ಇಷ್ಟು ಹೊತ್ತು ಕಂಬ, ಷಟರ್ ಎಂದು ಚರ್ಚಿಸಿದ ಪಂಡಿತರಿಗೂ ಅದು ಹೊಳೆದಿರಲಿಲ್ಲ. ಹಿರಿಯರು ಈ ಮಾತಿನ ಎಳೆ ಹಿಡಿದೇ ಕಂಬಕ್ಕೂ ಪರಿಹಾರ ಹೇಳಿದರು: “ನಿಶಾನೆ ಎಲ್ಲಿ ಕಟ್ಟಿದ್ದಾರೆ ಅಂತ ಮೊದಲೇ ಗೊತ್ತಿರುತ್ತೆ. ಕಂಬವೂ ಓಡಿಹೋಗಲ್ಲ. ಹಾಗಿದ್ದ ಮೇಲೆ ನೀನು ನಿಲ್ಲೋ ಜಾಗ ಓಟಕ್ಕೆ ಮುಂಚೆಯೇ ನೋಡ್ಕೋಬಹುದಿತ್ತು. ಅರ್ಧ ಹೆಜ್ಜೆ ಎಡಕ್ಕೆ ನಿಂತು ಒಂದಿಷ್ಟು ಅಗಲವಾಗಿ ತೆಗೆದಿದ್ದರೆ ಕಂಬ ತಲೆ ಬಿಟ್ಟು ಸರೀತಿತ್ತು, ನಿಶಾನೆ ಒಳಗೆ ಬರ್ತಿತ್ತು.” ಹುಡುಗ ಮೊಬೈಲಿನಲ್ಲಿ ಬರೆದುಕೊಂಡ. ಮುಂದಿನ ಕಂಬಳಕ್ಕೆ ಒಯ್ಯಬಹುದಾದ ಸಲಹೆ ಅದು. ‘ಕಂಪೋಸಿಷನ್ ವೀಕ್’ ಎಂದಷ್ಟೇ ಹೇಳಿದ್ದರೆ ಅವನು ಯಾವ ಕಡೆಗೆ ಹೆಜ್ಜೆ ಇಡಬೇಕಿತ್ತು?

ಮುಂದಿನದು ಹಕ್ಕಿ. ಮುಳ್ಳುತಂತಿಯ ಮೇಲೆ ಕೂತ ಕಳ್ಳಿಪೀರ, ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ, ಎದೆಗೆ ಅಡ್ಡವಾಗಿ ಒಂದು ಒಣಕಡ್ಡಿ. “ಕಡ್ಡಿ ಕ್ಲೋನ್ ಮಾಡಿ ತೆಗೆದುಬಿಡಿ” ಎಂಬ ಸಲಹೆ ತಕ್ಷಣ ಬಂತು. “ಯಾವ ವಿಭಾಗಕ್ಕೆ ಕಳಿಸ್ತೀರಿ?” ಎಂಬ ಪ್ರಶ್ನೆ ಅಷ್ಟೇ ಬೇಗ ಬಂತು. ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಚಿತ್ರದೊಳಗಿನ ವಸ್ತುವನ್ನು ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಕ್ರಾಪ್ ಮಾಡಬಹುದು. ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಎಂಬ ಮೂರು ಛಾಯಾಗ್ರಹಣ ಸಂಸ್ಥೆಗಳೂ ಒಪ್ಪಿಕೊಂಡ ವ್ಯಾಖ್ಯೆ ಅದು. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ, ಆದರೆ ಅದನ್ನು ಕೇಳಿದ್ದರೆ ಚಿತ್ರ ಅನರ್ಹವಾಗುತ್ತಿತ್ತು.

ಕಣ್ಣಿನಿಂದ ಕಣ್ಣಿಗೆ ಕಲಿಸುವ ಈ ಪರಿಪಾಠ ನಮ್ಮಲ್ಲಿ ಹಳೆಯದು. 1953ರಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿಯನ್ನು ಕಟ್ಟಿದ ಡಾ. ಜಿ. ಥಾಮಸ್ ಬೆಂಗಳೂರಿನಲ್ಲಿದ್ದವರು. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಇಲ್ಲೇ ಹುಟ್ಟಿತು. ಒ.ಸಿ. ಎಡ್ವರ್ಡ್ಸ್ ಅವರ ಕೈಕೆಳಗೆ ಪಳಗಿದ ಟಿ.ಎನ್.ಎ. ಪೆರುಮಾಳ್ ಮುಂದೆ ತಾವೇ ಎಷ್ಟೋ ವನ್ಯಜೀವಿ ಛಾಯಾಗ್ರಾಹಕರಿಗೆ ಗುರುವಾದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಾಡಿನ ಕಪ್ಪು ಬಿಳುಪು ಚಿತ್ರಗಳಿಂದ ಅಷ್ಟೇ ಹೆಸರಾದರು. ಅವರೆಲ್ಲರ ಕಾಲದಲ್ಲಿ ಒಂದು ರೋಲಿಗೆ ಹೆಚ್ಚೆಂದರೆ 36 ಚಿತ್ರ. ತೊಳೆಸಿ ಪ್ರಿಂಟ್ ಹಾಕಿಸಿ ತಂದ ಮೇಲೆ ಯಾರಾದರೂ ‘ಇಲ್ಲಿ ಎಡವಿದ್ದೀಯ’ ಅಂದರೆ, ಆ ಮಾತಿಗೆ ಫಿಲಮ್ಮಿನಷ್ಟೇ ಬೆಲೆ ಇರುತ್ತಿತ್ತು. ಈಗ ಒಂದು ಹಕ್ಕಿ ಹಾರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಚಿತ್ರ ಬೀಳುತ್ತವೆ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ನಿಮಿಷದೊಳಗೆ ಹತ್ತು ಹೆಬ್ಬೆರಳು, ಐದು ‘ಸೂಪರ್’. ಯಾರಿಗೂ ನೋವಿಲ್ಲ, ಯಾರಿಗೂ ಲಾಭವಿಲ್ಲ. ಸಲೋನ್ ಎಂಬ ಫೋಟೋ ಸ್ಪರ್ಧೆಗಳದ್ದು ಇನ್ನೊಂದು ಬಗೆ: ತೀರ್ಪುಗಾರರು ಕೆಲವೇ ಸೆಕೆಂಡಿನಲ್ಲಿ ಅಂಕ ಒತ್ತುತ್ತಾರೆ. ಚಿತ್ರ ಉಳಿಯಿತೋ ಹೋಯಿತೋ ತಿಳಿಯುತ್ತದೆ, ಏಕೆಂದು ತಿಳಿಯುವುದಿಲ್ಲ.

ಕಾಫಿ ಬಂತು, ಹೋಯಿತು. ಕೊನೆಗೆ ಒಬ್ಬ ಹುಡುಗಿಯ ಕಪ್ಪು ಬಿಳುಪು ಚಿತ್ರ: ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿರುವ ಅಜ್ಜಿ. ಇಂಥ ಚಿತ್ರದ ಬಗ್ಗೆ ಮಾತಾಡುವುದು ಕಷ್ಟ. ತಪ್ಪು ಹೇಳಿದರೆ ಅಜ್ಜಿಗೇ ಹೇಳಿದಂತೆ ಕೇಳಿಸುತ್ತದೆ. ಹಿರಿಯರು ಎದ್ದು ಪರದೆಯ ಹತ್ತಿರ ಹೋದರು. “ಕಿಟಕಿ ನಿನ್ನ ಬಲಗಡೆ ಇತ್ತಲ್ವೇನಮ್ಮ?” ಹುಡುಗಿಗೆ ಅಚ್ಚರಿ. ಅಜ್ಜಿಯ ಕಣ್ಣಾಲಿಯಲ್ಲಿ ಸಾಸಿವೆಯಷ್ಟು ಬಿಳಿ ಚೌಕವಿತ್ತು, ಅದರ ನಡುವೆ ಸರಳಿನ ಗೆರೆ ಕೂಡ. “ಆ ಬೆಳಕಿಗಾಗಿ ಕಾದಿದ್ದೀಯ. ಅದು ಮುಖದ ಮೇಲೆ ಚೆನ್ನಾಗಿ ಬಿದ್ದಿದೆ. ಕೆಳಗೆ ನೋಡು, ಬಲಗೈ ಬೆರಳು ಗೆಣ್ಣಿನ ಹತ್ತಿರ ಕತ್ತರಿಸಿಹೋಗಿದೆ.” ಹುಡುಗಿ ಸಮರ್ಥನೆಗೆ ಹೋಗಲಿಲ್ಲ. ಸ್ವಲ್ಪ ತಡೆದು ಒಂದೇ ಪ್ರಶ್ನೆ ಕೇಳಿದಳು: “ಕೈ ಪೂರ್ತಿ ಬಿಟ್ಟು ಮುಖ ಮಾತ್ರ ತೆಗೀಬಹುದಿತ್ತಾ ಸರ್?” “ತೆಗೀಬಹುದಿತ್ತು. ಆದರೆ ಮುಖ ಸುಮ್ಮನಿದೆ, ಕೆಲಸ ಎಲ್ಲ ಕೈಯಲ್ಲೇ ನಡೀತಿದೆ. ನಾನಾಗಿದ್ದರೆ ಕೈ ಬಿಡ್ತಿರಲಿಲ್ಲ.”

ಮೊದಲು ಹೊಗಳಿ, ನಡುವೆ ತೆಗಳಿ, ಕೊನೆಗೆ ಮತ್ತೆ ಹೊಗಳಬೇಕೆಂಬ ಸೂತ್ರವೊಂದಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕೇಳುವವರು ಹೊಗಳಿಕೆಯನ್ನು ಕಿವಿಗೆ ಹಾಕಿಕೊಳ್ಳದೆ ‘ಆದರೆ’ಗೇ ಕಾಯುತ್ತಾರೆ. ಹಿರಿಯರು ಅಜ್ಜಿಯ ಚಿತ್ರಕ್ಕೆ ಹೇಳಿದ್ದು ಹೊಗಳಿಕೆಯೂ ಅಲ್ಲ. ಹುಡುಗಿ ತಿಳಿದು ಮಾಡಿದ್ದು ಯಾವುದು, ಗಮನಿಸದೆ ಬಿಟ್ಟದ್ದು ಯಾವುದು ಎಂದು ಬೇರೆ ಬೇರೆ ಮಾಡಿ ತೋರಿಸಿದರು. ಮುಖ್ಯ ವಸ್ತು ಚೌಕಟ್ಟಿನ ಮೂರನೇ ಒಂದರ ಗೆರೆಯ ಮೇಲಿರಬೇಕೆಂಬ ನಿಯಮವನ್ನು ವೇದವಾಕ್ಯವಾಗಿ ಎಲ್ಲ ಚಿತ್ರಕ್ಕೂ ಹೇರುವವರು ಇದನ್ನು ನೋಡಬೇಕು. ಅದೇ ಸಂಜೆ ನಡುವೆ ಇನ್ನೊಬ್ಬರ ಚಿತ್ರದಲ್ಲಿ ಕೆರೆಯ ನೀರೇ ಒಂದು ಕಡೆಗೆ ವಾಲಿತ್ತು. “ಅದು ಬೇಕೂಂತಲೇ ಹಾಗೆ ತೆಗೆದದ್ದು” ಎಂದು ಅವರು ವಾದಕ್ಕೆ ನಿಂತಾಗ ಸಿಕ್ಕ ಉತ್ತರವೂ ಚಿಕ್ಕದೇ: “ಬೇಕೂಂತ ಮಾಡಿದ್ದು ಅಂತ ನೋಡಿದವರಿಗೂ ಗೊತ್ತಾಗಬೇಕಲ್ಲ.”

ಇಂಥ ಕೂಟ ನಿಮ್ಮ ಊರಿನಲ್ಲೂ ಇದ್ದರೆ ಹೋಗಿ. ಇಲ್ಲದಿದ್ದರೆ ಫೋಟೋ ಹುಚ್ಚಿನ ನಾಲ್ಕು ಜನ ಸೇರಿ ಒಂದು ಮನೆಯ ಜಗಲಿಯಲ್ಲೇ ಶುರು ಮಾಡಿ. ಕ್ಯಾಮೆರಾ ಹಿಡಿಯದ, ಆದರೆ ಚಿತ್ರದೊಳಗಿನ ವಿಷಯ ಬಲ್ಲ ಒಬ್ಬರನ್ನು ಕರೆಯಲು ಮರೆಯಬೇಡಿ. ಹೋಗುವಾಗ ನಲವತ್ತು ಚಿತ್ರ ಒಯ್ಯಬೇಡಿ, ನಾಲ್ಕು ಸಾಕು. ಅವುಗಳಲ್ಲಿ ಒಂದಾದರೂ ನಿಮಗೇ ಅನುಮಾನ ಇರುವ ಚಿತ್ರವಾಗಿರಲಿ.