ಮಹಾರಾಜ ಮೈನರ್, ಅಮ್ಮನೇ ಗಾರ್ಡಿಯನ್: ಮೈಸೂರು ಆಳಿದ ಕೆಂಪನಂಜಮ್ಮಣ್ಣಿ

ತಣಿಸಂದ್ರದಿಂದ ಮಾತಾಡ್ತಿದೀನಿ. ಚಿಕ್ಕವರಿದ್ದಾಗ ಮನೆಯಲ್ಲಿ ನಿಮ್ಮ ಹೆಸರಿಗೆ ಬ್ಯಾಂಕ್ ಅಕೌಂಟ್ ಮಾಡಿಸಿದ್ರಾ? ಪಾಸ್‌ಬುಕ್ಕಲ್ಲಿ ಹೆಸರು ನಿಮ್ಮದು, ಸಹಿ ಮಾತ್ರ ಅಪ್ಪಂದೋ ಅಮ್ಮಂದೋ. 18 ತುಂಬಿದ ಮೇಲೆ ಅದು ನಿಮ್ಮ ಕೈಗೆ ಬರುತ್ತೆ. ಇವತ್ತಿನ ಕಥೆಯೂ ಅಂಥದ್ದೇ. ಆದರೆ ಇಲ್ಲಿ ಅಕೌಂಟ್ ಅಂದ್ರೆ ಇಡೀ ಮೈಸೂರು ಸಂಸ್ಥಾನ.

1894ರ ಡಿಸೆಂಬರ್. ಕಲ್ಕತ್ತಾಗೆ ಹೋಗಿದ್ದ ಮಹಾರಾಜ ಚಾಮರಾಜೇಂದ್ರ ಒಡೆಯರ್ ಅಲ್ಲೇ ಡಿಫ್ತೀರಿಯಾದಿಂದ ತೀರಿಕೊಂಡರು. ವಯಸ್ಸು 31. ದೊಡ್ಡ ಮಗ ಕೃಷ್ಣರಾಜರಿಗೆ 10 ವರ್ಷ, ಚಿಕ್ಕ ಮಗ ನರಸಿಂಹರಾಜರಿಗೆ 6. ತಾಯಿ ಕೆಂಪನಂಜಮ್ಮಣ್ಣಿಯವರಿಗೆ ಆಗ ಸುಮಾರು 28, ಹೆಚ್ಚುಕಡಿಮೆ ನನ್ನದೇ ವಯಸ್ಸು.

ಸಮಯವೂ ಸೂಕ್ಷ್ಮವಾಗಿತ್ತು. 50 ವರ್ಷ ಮೈಸೂರನ್ನು ನೇರವಾಗಿ ಆಳಿದ್ದ ಬ್ರಿಟಿಷರು ಅದನ್ನು ಒಡೆಯರ್ ಮನೆತನಕ್ಕೆ ವಾಪಸ್ ಕೊಟ್ಟಿದ್ದು 1881ರಲ್ಲಿ. ಅಂದ್ರೆ ರಾಜ್ಯ ಕೈಗೆ ಬಂದು 13 ವರ್ಷ ಅಷ್ಟೇ. ಈಗ ಆಡಳಿತ ಎಡವಿದ್ರೆ?

1895ರಲ್ಲಿ ಕೆಂಪನಂಜಮ್ಮಣ್ಣಿ ರೀಜೆಂಟ್ ಆದರು, ಅಂದ್ರೆ ಮಗನ ಪರವಾಗಿ ರಾಜ್ಯ ನಡೆಸೋರು. ಜೊತೆಗೆ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಒಂದು ಕೌನ್ಸಿಲ್. ಮೇಲೆ ಬ್ರಿಟಿಷ್ ರೆಸಿಡೆಂಟ್‌ನ ಕಣ್ಣು. ಹಾಗಾಗಿ ಎಲ್ಲಾ ಕ್ರೆಡಿಟ್ಟೂ ಅವರೊಬ್ಬರದೇ ಅನ್ನೋದು ತಪ್ಪು. ಆದರೆ ಮಗ ದೊಡ್ಡವನಾಗೋವರೆಗೆ ಸುಮ್ಮನೆ ದಿನ ದೂಡಿದರು ಅನ್ನೋದು ಇನ್ನೂ ದೊಡ್ಡ ತಪ್ಪು.

1897ರಲ್ಲಿ ಮೈಸೂರು ಅರಮನೆ ಸುಟ್ಟುಹೋಯ್ತು, ಹೊಸದರ ಕೆಲಸ ಶುರುವಾಯ್ತು. ಅದೇ ವರ್ಷ ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು ಈ ಕಾಲದಲ್ಲೇ. ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟಿನ ಕೆಲಸವೂ 1898ರಲ್ಲೇ ಆರಂಭ. ಅದಕ್ಕೇ ಇವತ್ತು ಅದರ ಹೆಸರು ವಾಣಿ ವಿಲಾಸ ಸಾಗರ, ಅವರ ಬಿರುದಿನ ಹೆಸರು.

ನನಗೆ ಇಷ್ಟವಾಗೋದು ಶಿವನಸಮುದ್ರದ ಲೆಕ್ಕ. ಆ ಕಾಲದಲ್ಲಿ ಜಲವಿದ್ಯುತ್‌ಗೆ ದುಡ್ಡು ಹಾಕೋದು ದೊಡ್ಡ ರಿಸ್ಕ್. ಆದರೆ ಕರೆಂಟ್ ಕೊಳ್ಳೋಕೆ ಕೋಲಾರದ ಚಿನ್ನದ ಗಣಿ ಕಂಪನಿಗಳು ತಯಾರಿದ್ದವು. ಗಿರಾಕಿ ಗಟ್ಟಿ ಇದ್ರೆ ಯೋಜನೆ ನಿಲ್ಲುತ್ತೆ. 1902ರ ಜೂನ್‌ನಲ್ಲಿ ಸುಮಾರು 150 ಕಿಲೋಮೀಟರ್ ದೂರದ ಗಣಿಗೆ ಕರೆಂಟ್ ಹರಿಯಿತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ, ಅಷ್ಟೊತ್ತಿಗೆ ಅಧಿಕಾರ ಮಗನ ಕೈಯಲ್ಲಿತ್ತು.

ಇದೇ ಪಾತ್ರ ಹಿಮಾಲಯದ ಕಾಶ್ಮೀರದಲ್ಲಿ ಒಬ್ಬ ರಾಣಿಗೂ ಸಿಕ್ಕಿತ್ತು, ಹೆಸರು ದಿದ್ದಾ. 958ರಲ್ಲಿ ಗಂಡ ಸತ್ತಾಗ ಎಳೆಯ ಮಗ ಅಭಿಮನ್ಯುವಿನ ಪರವಾಗಿ ಆಳೋಕೆ ಶುರು ಮಾಡಿದಳು. ಮಗನ ನಂತರ ಮೊಮ್ಮಕ್ಕಳು ಪಟ್ಟಕ್ಕೆ ಬಂದರು. ಅವರನ್ನು ಅವಳೇ ಕೊಲ್ಲಿಸಿದಳು ಅಂತ ಕಲ್ಹಣ ‘ರಾಜತರಂಗಿಣಿ’ಯಲ್ಲಿ ಬರೆದಿದ್ದಾನೆ. ಕೊನೆಗೆ 1003ರವರೆಗೆ ತಾನೇ ಆಳಿದಳು.

ಮೈಸೂರಲ್ಲಿ ಆಗಿದ್ದೇ ಬೇರೆ. ಕೃಷ್ಣರಾಜರಿಗೆ 18 ತುಂಬಿದ್ದು 1902ರ ಜೂನ್ 4ಕ್ಕೆ. ಆಗಸ್ಟ್ 8ಕ್ಕೆ ಪೂರ್ಣ ಅಧಿಕಾರ ಅವರ ಕೈಗೆ ಬಂತು. ನಾಲ್ವಡಿಯವರ ಹೆಸರು ನಮಗೆಲ್ಲ ಗೊತ್ತು. ಅವರಿಗೆ ಸಿಕ್ಕಿದ್ದು ಖಾಲಿ ಪಾಸ್‌ಬುಕ್ ಅಲ್ಲ ಅನ್ನೋದೂ ಗೊತ್ತಿರಲಿ.

ಮುಂದಿನ ಸಲ ಸಿಟಿ ಮಾರ್ಕೆಟ್ ಕಡೆ ಹೋದ್ರೆ ವಾಣಿ ವಿಲಾಸ ಆಸ್ಪತ್ರೆಯ ಬೋರ್ಡ್ ನೋಡಿ. ಆ ಹೆಸರು ಯಾರದು ಅಂತ ಪಕ್ಕದಲ್ಲಿರೋರಿಗೂ ಹೇಳಿ. ಮತ್ತೆ ಸಿಗೋಣ.