ಆರು ಅಕ್ಷರ, ಒಂಬತ್ತು ಸಂಕೇತ

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಿಂತು ಆಂಡ್ರಾಯ್ಡ್ ಫೋನಿನಲ್ಲಿ ‘ಬಸವಕಲ್ಯಾಣ’ ಎಂದು ಟೈಪ್ ಮಾಡಿ. ಪರದೆಯ ಮೇಲೆ 6 ಅಕ್ಷರ. ಒಳಗೆ ಕೂತಿರುವ ಸಂಕೇತಗಳು 9! ಉಳಿದವೆಲ್ಲ ಅಕ್ಷರಕ್ಕೊಂದು, ‘ಲ್ಯಾ’ ಒಂದೇ ನಾಲ್ಕನ್ನು ನುಂಗಿದೆ: ಲ, ಹಲಂತದ ಚಿಹ್ನೆ, ಯ, ಕೊನೆಗೆ ದೀರ್ಘ. ಈಗ ಚಮತ್ಕಾರ ನೋಡಿ. ಕಟ್ಟಕಡೆಗೆ ಬಂದ ದೀರ್ಘ ಯಕಾರಕ್ಕೆ ಅಂಟುವುದಿಲ್ಲ. ಅದನ್ನು ದಾಟಿ ಹಿಂದಕ್ಕೆ ಹೋಗಿ ಲಕಾರದ ತಲೆ ಸೇರುತ್ತದೆ, ಯಕಾರ ಒತ್ತಾಗಿ ಬದಿಗೆ ಸರಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ! ನಮ್ಮ ಕಾಗುಣಿತವನ್ನು ಇಷ್ಟು ಚೆನ್ನಾಗಿ ಬಲ್ಲವರು ಒಳಗೆ ಯಾರಿದ್ದಾರೆ?

ಹುಡುಕಿದೆ, ಉತ್ತರಕ್ಕೆ ಬೀಗವೇ ಇರಲಿಲ್ಲ. 2005ರಲ್ಲಿ ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿಯನ್ನು ಕೊಂಡ ಗೂಗಲ್, 2008ರ ಅಕ್ಟೋಬರ್ 21ರಂದು ಆ ಆಪರೇಟಿಂಗ್ ಸಿಸ್ಟಂನ ಸೋರ್ಸ್ ಕೋಡನ್ನು ಲೋಕದ ಮುಂದಿಟ್ಟಿತು. ಓದಿ, ತಿದ್ದಿ, ನಿಮ್ಮದೇ ಫೋನಿಗೆ ತುಂಬಿ ಮಾರಿ, ಶುಲ್ಕವಿಲ್ಲ! (ಪ್ಲೇ ಸ್ಟೋರ್, ಮ್ಯಾಪ್ಸ್ ಮುಂತಾದವುಗಳ ಕೋಡು ಇಂದಿಗೂ ಮುಚ್ಚಿಯೇ ಇದೆ. ಅದೂ ತೆರೆಯಲಿ ಎಂಬುದು ನನ್ನ ಆಸೆ.) 2012ರಲ್ಲಿ, 4.1ನೇ ಆವೃತ್ತಿಯೊಂದಿಗೆ ಕನ್ನಡ ಬಂತು. ಅದಕ್ಕೂ ಮೊದಲು ಎಷ್ಟೋ ಫೋನುಗಳಲ್ಲಿ ನಮ್ಮ ಭಾಷೆ ಎಂದರೆ ಖಾಲಿ ಚೌಕಗಳ ಸಾಲು.

ಅಕ್ಷರ ಜೋಡಿಸುವ ಆ ತಂತ್ರಾಂಶದ ಹೆಸರು ಹಾರ್ಫ್‌ಬಝ್. ಗೂಗಲ್ ಹುಟ್ಟಿಸಿದ್ದಲ್ಲ, ಓಪನ್ ಸೋರ್ಸ್ ಲೋಕದಲ್ಲೇ ಬೆಳೆದು ಆಂಡ್ರಾಯ್ಡ್ ಸೇರಿದ್ದು. ಅದರ ಕೋಡು ಬಿಚ್ಚಿ ನೋಡಿದಾಗ ಮೈ ಜುಮ್ಮೆಂದಿತು. ಕನ್ನಡಕ್ಕೆ, ಮರಾಠಿ ಬರೆಯುವ ದೇವನಾಗರಿಗೆ, ತೆಲುಗಿಗೆ ಎಲ್ಲಕ್ಕೂ ಒಂದೇ ಕಡತ! ಪಕ್ಕದಲ್ಲೇ ಇನ್ನೊಂದು: ಉರ್ದುವಿನ ಅಕ್ಷರ ಪದದ ಮೊದಲಿಗೆ ಒಂದು ರೂಪ, ನಡುವೆ ಒಂದು, ತುದಿಯಲ್ಲಿ ಮತ್ತೊಂದು ತಾಳುವುದನ್ನು ಅದು ನೋಡಿಕೊಳ್ಳುತ್ತದೆ. ಬಸವಕಲ್ಯಾಣದ ಪೇಟೆಯಲ್ಲಿ ಕಿವಿಗೆ ಬೀಳುವ ನುಡಿಗಳೆಲ್ಲ ಇಲ್ಲಿ ಅಕ್ಕಪಕ್ಕ ಕುಳಿತಿವೆ!

ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಆಡುಮಾತಿನಲ್ಲೇ ವಚನ ನುಡಿದ ಊರಿದು. ಇಲ್ಲಿ ಪದವಿ ಓದುವ ಹುಡುಗಿಯೊಬ್ಬಳು ಕನ್ನಡದ ಆ ಕಡತವನ್ನು ಯಾರ ಅಪ್ಪಣೆಯೂ ಇಲ್ಲದೆ ಇಂದೇ ಓದಬಹುದು. ‘ಕರ್ನಾಟಕ’ ಎಂದು ಬರೆದಾಗ ಮೊದಲು ಬಂದ ರಕಾರವನ್ನು ಎತ್ತಿ ನಾಕಾರದ ಮುಂದೆ ಅರ್ಕಾವತ್ತಾಗಿ ಕೂರಿಸುವ ಸಾಲು ಯಾವುದೆಂದು ಹುಡುಕಬಹುದು, ಎಲ್ಲಾದರೂ ಎಡವಟ್ಟು ಕಂಡರೆ ತಿದ್ದುಪಡಿ ಬರೆದು ಕಳಿಸಬಹುದು.